ನೆಲದಡಿಯ ಋಣ

ಬೆಲೆಯುಳ್ಳ ವಸ್ತುವನ್ನು ನೆಲದಲ್ಲಿ ಹೂಳಿಡುವುದು ಮನುಷ್ಯನ ಬಹು ಹಳೆಯ ಅಭ್ಯಾಸ. ನಮ್ಮ ಕಡೆಯ ರೈತರು ರಾಗಿಯನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ಹಗೇವಿನ ಬಾಯಿ ಕಿರಿದು, ಹೊಟ್ಟೆ ಹಿರಿದು; ಮೇಲೊಂದು ಕಲ್ಲುಚಪ್ಪಡಿ, ಚಪ್ಪಡಿಯ ಮೇಲೆ ಮಣ್ಣು. ಅದನ್ನು ತೆರೆದ ಕೂಡಲೇ ಒಳಗೆ ಇಳಿಯಬಾರದು, ಕೆಟ್ಟ ಗಾಳಿ ಹೋಗುವವರೆಗೆ ಕಾಯಬೇಕು, ದೀಪವೊಂದನ್ನು ಇಳಿಬಿಟ್ಟು ಅದು ಆರದೆ ಉರಿಯುತ್ತದೆಯೇ ಎಂದು ನೋಡಬೇಕು ಎಂಬ ಎಚ್ಚರಿಕೆ ಹಳ್ಳಿಯ ಹಿರಿಯರಿಗಿತ್ತು. ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯೂ ಅವರಿಗೆ ತಿಳಿದಿತ್ತು: ಯಾವ ಹಗೇವು ಎಲ್ಲಿದೆ, ಅದು ಯಾರದು ಎಂಬುದು. ಒಡೆಯನನ್ನು ಮರೆತ ಹಗೇವು ಧಾನ್ಯದ ಕಣಜವಾಗಿ ಉಳಿಯುವುದಿಲ್ಲ. ದಾರಿಹೋಕರ ಕಾಲಡಿಯ ಕುಳಿಯಾಗಿಬಿಡುತ್ತದೆ.

ನಾನು ಈಗ ಹೇಳಹೊರಟಿರುವುದು ಹೀಗೆ ಒಡೆಯನನ್ನು ಕಳೆದುಕೊಂಡ ಇನ್ನೊಂದು ಬಗೆಯ ಹಗೇವುಗಳ ಚರಿತ್ರೆಯನ್ನು. ಇವುಗಳಲ್ಲಿ ತುಂಬಿದ್ದುದು ರಾಗಿಯಲ್ಲ, ಎಣ್ಣೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳ ಊರೂರಿನಲ್ಲಿ, ಬೀದಿಯ ಅಂಚಿನಲ್ಲಿ, ಶಾಲೆಯ ಅಂಗಳದಲ್ಲಿ, ಅಗ್ನಿಶಾಮಕ ಠಾಣೆಯ ಹಿತ್ತಲಿನಲ್ಲಿ, ನಗರಸಭೆಯ ಕಚೇರಿಯ ಕೆಳಗೆ ಕೂಡ, ಇಪ್ಪತ್ತನೆಯ ಶತಮಾನದ ಉದ್ದಕ್ಕೂ ಉಕ್ಕಿನ ಟ್ಯಾಂಕುಗಳನ್ನು ಹೂಳಿದರು. ಹೂಳಿದವರು ಒಂದು ತಲೆಮಾರು, ಮರೆತವರು ಇನ್ನೊಂದು ತಲೆಮಾರು, ಬೆಲೆ ತೆತ್ತವರು ಮೂರನೆಯ ತಲೆಮಾರು. ಯುದ್ಧಗಳ ಮತ್ತು ಅರಸರ ಚರಿತ್ರೆಯಷ್ಟು ಆಡಂಬರ ಇದಕ್ಕಿಲ್ಲ. ಆದರೆ ಒಂದು ಊರಿನ ಕುಡಿಯುವ ನೀರು ಅರಸರ ಚರಿತ್ರೆಗಿಂತ ಸಣ್ಣ ವಿಷಯವೆಂದು ನನಗೆ ತೋರುವುದಿಲ್ಲ.

1859ರಲ್ಲಿ ಪೆನ್ಸಿಲ್ವೇನಿಯದ ಟೈಟಸ್‌ವಿಲ್ ಎಂಬಲ್ಲಿ ಎಡ್ವಿನ್ ಡ್ರೇಕ್ ನೆಲ ಕೊರೆದು ಕಲ್ಲೆಣ್ಣೆ ತೆಗೆದಾಗ ಜನಕ್ಕೆ ಬೇಕಾಗಿದ್ದುದು ದೀಪದ ಸೀಮೆಎಣ್ಣೆ. ಅದನ್ನು ಬಟ್ಟಿ ಇಳಿಸುವಾಗ ಬರುತ್ತಿದ್ದ ಹಗುರವಾದ ಪೆಟ್ರೋಲು ಬೇಡದ ಕಸ. ಹೊಳೆಗೆ ಸುರಿದದ್ದೂ ಉಂಟು. 1885ರಲ್ಲಿ ಇಂಡಿಯಾನದ ಫೋರ್ಟ್ ವೇನ್ ಪಟ್ಟಣದ ಸಿಲ್ವೇನಸ್ ಬೌಸರ್ ಎಂಬಾತ ಅಂಗಡಿಯವನೊಬ್ಬನಿಗೆ ಸೀಮೆಎಣ್ಣೆ ಅಳೆದು ಕೊಡುವ ಕೈಪಂಪೊಂದನ್ನು ಮಾಡಿಕೊಟ್ಟ. ಮೋಟಾರು ಗಾಡಿ ಬಂದ ಮೇಲೆ, 1905ರಲ್ಲಿ, ಅದೇ ಪಂಪು ತಿದ್ದುಪಡಿ ಹೊಂದಿ ಪೆಟ್ರೋಲಿನ ಪಂಪಾಯಿತು. ಆಸ್ಟ್ರೇಲಿಯದಲ್ಲಿ ಪೆಟ್ರೋಲ್ ಪಂಪಿಗೆ ಇಂದಿಗೂ ‘ಬೌಸರ್’ ಎನ್ನುತ್ತಾರೆ. ಮನುಷ್ಯನ ಹೆಸರು ವಸ್ತುವಿಗೆ ಅಂಟಿಕೊಂಡಿತು, ಮನುಷ್ಯ ಮರೆತುಹೋದ.

ಆಗ ಈಗಿನಂತೆ ವಿಶಾಲವಾದ ಬಂಕುಗಳಿರಲಿಲ್ಲ. ದಿನಸಿ ಅಂಗಡಿ, ಕಬ್ಬಿಣದ ಸಾಮಾನಿನ ಅಂಗಡಿ, ಕುದುರೆಲಾಯದಿಂದ ಗ್ಯಾರೇಜಾಗಿ ಬದಲಾದ ಕೊಟ್ಟಿಗೆ, ಇವುಗಳ ಮುಂದೆ ಬೀದಿಯ ಅಂಚಿನಲ್ಲೇ ಒಂದು ಪಂಪು ನಿಲ್ಲುತ್ತಿತ್ತು. ಅದರ ಟ್ಯಾಂಕು ಪಾದಚಾರಿಗಳು ನಡೆಯುವ ಕಾಲುದಾರಿಯ ಕೆಳಗೆ, ಎಂದರೆ ಊರಿನ ಸ್ವತ್ತಿನಲ್ಲಿ. ಟ್ಯಾಂಕನ್ನು ನೆಲದಡಿ ಇಟ್ಟದ್ದು ಯಾವ ದುರುದ್ದೇಶದಿಂದಲೂ ಅಲ್ಲ. ಮರದ ಮನೆಗಳೇ ಹೆಚ್ಚಾಗಿದ್ದ ಊರುಗಳಲ್ಲಿ ಬೆಂಕಿಯ ಭಯ ದೊಡ್ಡದು. ನೆಲದ ಮೇಲಿನ ಪೀಪಾಯಿಗಿಂತ ನೆಲದಡಿಯ ಟ್ಯಾಂಕು ಕ್ಷೇಮ. ಅಲ್ಲಿ ತಂಪು ಹೆಚ್ಚು, ಆವಿಯಾಗಿ ಹೋಗುವುದು ಕಡಮೆ, ಜಾಗವೂ ಉಳಿಯುತ್ತದೆ. ಬೆಂಕಿಗೆ ಹೆದರಿದವರು ಎಣ್ಣೆಯನ್ನು ನೀರಿನ ನೆರೆಮನೆಗೆ ಕಳುಹಿಸಿದರು. ಆ ನೆರೆಹೊರೆಯನ್ನು ಕುರಿತು ಆಗ ಯಾರೂ ಯೋಚಿಸಲಿಲ್ಲ.

1913ರ ಡಿಸೆಂಬರಿನಲ್ಲಿ ಪಿಟ್ಸ್‌ಬರ್ಗ್ ನಗರದಲ್ಲಿ ಗಾಡಿಯನ್ನು ಒಳಗೇ ಓಡಿಸಿಕೊಂಡು ಬಂದು ಪೆಟ್ರೋಲು ಹಾಕಿಸಿಕೊಳ್ಳುವ, ಅದಕ್ಕೆಂದೇ ಕಟ್ಟಿದ ಬಂಕು ತೆರೆಯಿತು. ಮುಂದಿನ ಹತ್ತು ವರ್ಷಗಳಲ್ಲಿ ಬೀದಿಯಂಚಿನ ಪಂಪುಗಳು ಸಂಚಾರಕ್ಕೆ ಅಡ್ಡಿಯೆಂದೂ ಅಪಾಯವೆಂದೂ ಅನೇಕ ನಗರಸಭೆಗಳು ಅವುಗಳನ್ನು ನಿಷೇಧಿಸಿದವು. ಪಂಪನ್ನು ಕಿತ್ತು ಒಯ್ದರು. ಟ್ಯಾಂಕನ್ನು? ಅದನ್ನು ತೆಗೆಯಬೇಕಾದರೆ ಕಾಲುದಾರಿ ಅಗೆಯಬೇಕು, ಕೂಲಿ ಕೊಡಬೇಕು, ಮತ್ತೆ ಕಲ್ಲು ಹಾಸಬೇಕು. ಎಷ್ಟೋ ಕಡೆ ಕೊಳವೆಯ ಬಾಯಿ ಮುಚ್ಚಿ, ಮೇಲೆ ಕಾಂಕ್ರೀಟು ಬಳಿದರು. ಅಂಗಡಿ ಕೈ ಬದಲಾಯಿತು. ಹೊಸಬನಿಗೆ ಹಳಬ ಹೇಳಲಿಲ್ಲ, ಹೊಸಬ ಕೇಳಲೂ ಇಲ್ಲ.

ಹೀಗೆ ಮರೆವಿಗೆ ಸಂದ ಟ್ಯಾಂಕುಗಳ ಸಂಖ್ಯೆ ಕಾಲಕಾಲಕ್ಕೆ ಬೆಳೆಯಿತು. ಚಳಿನಾಡಿನ ಶಾಲೆ, ಆಸ್ಪತ್ರೆ, ಸಾರ್ವಜನಿಕ ಕಟ್ಟಡಗಳನ್ನು ಮೊದಲು ಕಲ್ಲಿದ್ದಲಿನಿಂದ ಬೆಚ್ಚಗಿಡುತ್ತಿದ್ದರು. ಆಮೇಲೆ ಎಣ್ಣೆ ಬಂತು, ಎಣ್ಣೆಗೊಂದು ಟ್ಯಾಂಕು ಬಂತು. ಎರಡನೆಯ ಮಹಾಯುದ್ಧದ ನಂತರ ಅನಿಲದ ಕೊಳವೆ ಬಂದಾಗ ಟ್ಯಾಂಕು ಇದ್ದಲ್ಲೇ ಉಳಿಯಿತು. 1956ರ ಕಾಯಿದೆಯಂತೆ ದೇಶದುದ್ದಗಲಕ್ಕೂ ಹೆದ್ದಾರಿಗಳು ಹರಿದಾಗ ಹಳೆಯ ರಸ್ತೆಗಳ ಬಂಕುಗಳು ಗಿರಾಕಿಯಿಲ್ಲದೆ ಸೊರಗಿದವು. 1972ರಲ್ಲಿ ಆ ದೇಶದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಬಂಕುಗಳಿದ್ದವು; ಮರುವರ್ಷ ಬಂದ ಎಣ್ಣೆಯ ಬಿಕ್ಕಟ್ಟಿನ ಬಳಿಕ ಸಾವಿರಗಟ್ಟಲೆ ಬಂಕುಗಳು ಬಾಗಿಲು ಹಾಕಿದವು. ಒಡೆಯ ಊರು ಬಿಟ್ಟ. ತೆರಿಗೆ ಬಾಕಿ ಬಿತ್ತು. ಬಾಕಿಗಾಗಿ ಆಸ್ತಿ ನಗರಸಭೆಯ ವಶವಾಯಿತು. ಜಮೀನಿನ ಜೊತೆಗೆ ಅದರ ಹೊಟ್ಟೆಯಲ್ಲಿದ್ದುದೂ ಬಂತು.

ಮಣ್ಣಿನೊಳಗಿನ ಉಕ್ಕು ಸುಮ್ಮನಿರುವುದಿಲ್ಲ. ಒಂದೇ ಟ್ಯಾಂಕಿನ ಒಂದು ಮಗ್ಗುಲಿಗೆ ಮರಳು, ಇನ್ನೊಂದು ಮಗ್ಗುಲಿಗೆ ಜೇಡಿ. ಒಂದು ಕಡೆ ಒಣ ಮಣ್ಣು, ಇನ್ನೊಂದು ಕಡೆ ತೇವ. ಈ ವ್ಯತ್ಯಾಸದಿಂದ ಲೋಹದಲ್ಲಿ ಸಣ್ಣ ವಿದ್ಯುತ್ ಪ್ರವಾಹವೊಂದು ಹುಟ್ಟುತ್ತದೆ. ಪ್ರವಾಹ ಉಕ್ಕನ್ನು ಬಿಟ್ಟು ಮಣ್ಣಿಗೆ ಇಳಿಯುವ ಜಾಗದಲ್ಲಿ ಲೋಹ ಕರಗಿ ಗುಳಿ ಬೀಳುತ್ತದೆ. ಇಡೀ ಟ್ಯಾಂಕು ಗಟ್ಟಿಯಾಗಿಯೇ ಇದ್ದು, ಒಂದೇ ಒಂದು ಸೂಜಿಮೊನೆಯಷ್ಟು ರಂಧ್ರ ಬಿದ್ದಿರಬಹುದು. ಸೆಕೆಂಡಿಗೆ ಒಂದು ಹನಿಯಂತೆ ಸೋರಿದರೂ ವರ್ಷಕ್ಕೆ ಸುಮಾರು 1,500 ಲೀಟರು ಆಗುತ್ತದೆ. ವ್ಯಾಪಾರ ನಡೆಯುತ್ತಿರುವಾಗಲೇ ಇದು ಲೆಕ್ಕಕ್ಕೆ ಸಿಗುವುದು ಕಷ್ಟ. ಮರೆತ ಟ್ಯಾಂಕಿನಲ್ಲಿ ಲೆಕ್ಕ ಇಡುವವರೇ ಇಲ್ಲ.

ಈ ತುಕ್ಕಿಗೆ ಮದ್ದು ಗೊತ್ತಿರಲಿಲ್ಲವೆಂದಲ್ಲ. 1824ರಲ್ಲೇ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಹಂಫ್ರಿ ಡೇವಿ ಯುದ್ಧನೌಕೆಗಳ ತಾಮ್ರದ ಹೊದಿಕೆಗೆ ಸತುವಿನ ಅಥವಾ ಕಬ್ಬಿಣದ ತುಂಡು ಜೋಡಿಸಿದರೆ ತಾಮ್ರ ಉಳಿದು, ಜೋಡಿಸಿದ ಲೋಹ ಸವೆಯುತ್ತದೆ ಎಂದು ತೋರಿಸಿದ್ದ. ಒಂದು ಲೋಹ ಇನ್ನೊಂದಕ್ಕಾಗಿ ಬಲಿಯಾಗುವ ಈ ಉಪಾಯ ನೌಕೆಗಳ ಮಟ್ಟಿಗೆ ಆಗ ಫಲಿಸಲಿಲ್ಲ: ತಾಮ್ರ ಕರಗುವುದು ನಿಂತಾಗ ಅದರ ವಿಷಕ್ಕೆ ಹೆದರಿ ದೂರವಿದ್ದ ಕಡಲಜೀವಿಗಳು ಬಂದು ಹಡಗಿಗೆ ಅಂಟಿಕೊಂಡವು! ಆದರೆ ತತ್ತ್ವ ಸರಿಯಾಗಿತ್ತು. 1928ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ರಾಬರ್ಟ್ ಕೂನ್ ಎಂಬ ಇಂಜಿನಿಯರು ಅದನ್ನು ನೆಲದಡಿಯ ಅನಿಲದ ಕೊಳವೆಗೆ ಅನ್ವಯಿಸಿದ. ಪೆಟ್ರೋಲ್ ಟ್ಯಾಂಕುಗಳನ್ನು ಮಾತ್ರ ಮತ್ತೆ ಐವತ್ತು ವರ್ಷ, ಬಹುಮಟ್ಟಿಗೆ, ಬರಿಮೈಯಲ್ಲೇ ಹೂಳುತ್ತಿದ್ದರು. ಖರ್ಚು ಕಡಮೆ, ಕೇಳುವವರಿಲ್ಲ.

ಡೇವಿಯ ಸಹಾಯಕನಾಗಿದ್ದ ಮೈಕೇಲ್ ಫ್ಯಾರಡೆ ಮರುವರ್ಷ, 1825ರಲ್ಲಿ, ದೀಪದ ಅನಿಲ ತಯಾರಿಸುವಾಗ ಉಳಿಯುವ ಎಣ್ಣೆಯಂಥ ದ್ರವದಿಂದ ಒಂದು ಹೊಸ ವಸ್ತುವನ್ನು ಬೇರ್ಪಡಿಸಿದ. ಅದೇ ಬೆಂಜೀನ್. ಪೆಟ್ರೋಲಿನಲ್ಲಿರುವ ಈ ವಸ್ತು ರಕ್ತದ ಕ್ಯಾನ್ಸರಿಗೆ ಕಾರಣವಾಗಬಲ್ಲದೆಂದು ನಂತರ ತಿಳಿಯಿತು. ಟ್ಯಾಂಕನ್ನು ಉಳಿಸುವ ಉಪಾಯವೂ, ಟ್ಯಾಂಕು ಒಡೆದರೆ ನೀರಿಗೆ ಇಳಿಯುವ ವಿಷದ ಪರಿಚಯವೂ ಒಂದೇ ಮನೆಯಲ್ಲಿ, ಒಂದು ವರ್ಷದ ಅಂತರದಲ್ಲಿ ದೊರೆತದ್ದು ವಿಜ್ಞಾನದ ಚರಿತ್ರೆಯ ಒಂದು ವಿಚಿತ್ರ ಯೋಗ. ಅಮೆರಿಕದಲ್ಲಿ ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಬೆಂಜೀನ್ 5 ಮೈಕ್ರೋಗ್ರಾಂ ಮೀರಬಾರದೆಂದು ನಿಯಮ. ಪೆಟ್ರೋಲಿನಲ್ಲಿ ನೂರಕ್ಕೆ ಒಂದರಷ್ಟು ಬೆಂಜೀನ್ ಇದೆಯೆಂದು ಹಿಡಿದು ಲೆಕ್ಕ ಹಾಕಿದರೆ, ಒಂದು ಲೀಟರು ಪೆಟ್ರೋಲಿನ ಬೆಂಜೀನ್ ಸುಮಾರು ಹದಿನೈದು ಲಕ್ಷ ಲೀಟರು ನೀರನ್ನು ಆ ಮಿತಿಗೆ ಮುಟ್ಟಿಸಬಲ್ಲದು.

ಈ ಲೆಕ್ಕ ಕಾಗದದ ಮೇಲೆಯೇ ಉಳಿಯಲಿಲ್ಲ. ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಕಡಲೊಳಕ್ಕೆ ಚಾಚಿದ ಮರಳಿನ ನಾಲಗೆಯಂಥ ಕೇಪ್ ಕಾಡ್ ಇದೆ. ಅದರ ತುತ್ತತುದಿಯ ಊರು ಪ್ರಾವಿನ್ಸ್‌ಟೌನ್. 1620ರಲ್ಲಿ ಮೇಫ್ಲವರ್ ಹಡಗು ಮೊದಲು ಲಂಗರು ಹಾಕಿದ್ದು ಅಲ್ಲಿ. ನಾಟಕಕಾರ ಯೂಜೀನ್ ಓನೀಲ್‌ನ ನಾಟಕ ಮೊಟ್ಟಮೊದಲು ರಂಗವೇರಿದ್ದೂ ಅಲ್ಲಿಯೇ, 1916ರಲ್ಲಿ. ಮೂರು ಕಡೆ ಉಪ್ಪುನೀರಿರುವ ಈ ಊರಿಗೆ ಕುಡಿಯುವ ನೀರು ಬರುವುದು ನೆರೆಯ ಟ್ರೂರೋದಲ್ಲಿರುವ ಬಾವಿಗಳಿಂದ. 1977ರಲ್ಲಿ ಆ ಬಾವಿಗಳ ಸಮೀಪದ ಬಂಕೊಂದರ ಟ್ಯಾಂಕಿನಿಂದ ಕೆಲವು ಸಾವಿರ ಗ್ಯಾಲನ್ ಪೆಟ್ರೋಲು ಮರಳಿಗೆ ಸೋರಿದ್ದು ಬೆಳಕಿಗೆ ಬಂತು. ಊರಿನ ಒಂದು ಪ್ರಮುಖ ಬಾವಿಸಮೂಹವನ್ನೇ ಮುಚ್ಚಬೇಕಾಯಿತು. ಸೋರಿದ ಪೆಟ್ರೋಲಿನ ಬೆಲೆ ಆ ಕಾಲದ ದರದಲ್ಲಿ ಕೆಲವೇ ಸಾವಿರ ಡಾಲರು. ನೀರನ್ನು ಮೇಲೆತ್ತಿ ಶುದ್ಧಿ ಮಾಡುವ ಕೆಲಸ ವರ್ಷಾನುಗಟ್ಟಲೆ ನಡೆದು, ಲಕ್ಷಗಟ್ಟಲೆ ಡಾಲರುಗಳನ್ನು ನುಂಗಿತು.

ಇಂಥ ಸುದ್ದಿಗಳು ಒಂದೊಂದಾಗಿ ಬರತೊಡಗಿದರೂ ಕಾನೂನಿನ ಕಣ್ಣಿಗೆ ಅವು ಬೀಳಲಿಲ್ಲ. ವಿಷಮಯವಾದ ತಾಣಗಳನ್ನು ಶುದ್ಧಿ ಮಾಡಲು 1980ರಲ್ಲಿ ಮಾಡಿದ, ‘ಸೂಪರ್‌ಫಂಡ್’ ಎಂದು ಹೆಸರಾದ ಕಾಯಿದೆಯಿಂದ ಪೆಟ್ರೋಲಿಯಂ ಪದಾರ್ಥವನ್ನೇ ಹೊರಗಿಟ್ಟಿದ್ದರು. 1983ರ ಕೊನೆಯಲ್ಲಿ ಜನಪ್ರಿಯ ದೂರದರ್ಶನ ಕಾರ್ಯಕ್ರಮವೊಂದು ಸೋರುವ ಟ್ಯಾಂಕುಗಳ ಕಥೆಯನ್ನು ಮನೆಮನೆಗೆ ಮುಟ್ಟಿಸಿತು. ಮರುವರ್ಷ, 1984ರ ನವೆಂಬರಿನಲ್ಲಿ, ಹೊಸ ಕಾನೂನು ಬಂತು. ಅದು ಮಾಡಿದ ಮೊದಲ ಕೆಲಸವೇ ನನಗೆ ಬಹಳ ಅರ್ಥಪೂರ್ಣವಾಗಿ ಕಾಣುತ್ತದೆ. ಅಗೆಯಿರಿ ಎಂದು ಅದು ಮೊದಲು ಹೇಳಲಿಲ್ಲ, ಬರೆಸಿರಿ ಎಂದಿತು. ಟ್ಯಾಂಕುಗಳ ಒಡೆಯರೆಲ್ಲರೂ 1986ರ ಮೇ ತಿಂಗಳೊಳಗೆ ತಮ್ಮ ರಾಜ್ಯಕ್ಕೆ ಪಟ್ಟಿ ಕೊಡಬೇಕು: ಎಷ್ಟು ಟ್ಯಾಂಕು, ಎಲ್ಲಿ, ಯಾವಾಗ ಹೂಳಿದ್ದು, ಏನು ತುಂಬಿದ್ದು. ಇಪ್ಪತ್ತು ಲಕ್ಷಕ್ಕೂ ಮೇಲ್ಪಟ್ಟು ಟ್ಯಾಂಕುಗಳು ಹೀಗೆ ಕತ್ತಲೆಯಿಂದ ಕಡತಕ್ಕೆ ಬಂದವು.

ಉಳಿದ ಕ್ರಮಗಳು ಒಂದರ ಹಿಂದೊಂದು ಬಂದವು. 1985ರಲ್ಲಿ ತುಕ್ಕಿನಿಂದ ರಕ್ಷಣೆಯಿಲ್ಲದ ಹೊಸ ಟ್ಯಾಂಕುಗಳನ್ನು ಹೂಳುವುದಕ್ಕೆ ತಡೆ. ಡೇವಿಯ ಪಾಠಕ್ಕೆ ನೂರ ಅರವತ್ತೊಂದು ವರ್ಷಗಳ ನಂತರ ಮನ್ನಣೆ. 1986ರಲ್ಲಿ ಗ್ಯಾಲನ್ ಪೆಟ್ರೋಲಿಗೆ ಒಂದು ಸೆಂಟಿನ ಹತ್ತನೆಯ ಒಂದು ಭಾಗ ತೆರಿಗೆ ಹಾಕಿ, ಒಡೆಯನಿಲ್ಲದ ಅಥವಾ ದಿವಾಳಿಯೆದ್ದ ಒಡೆಯನ ಟ್ಯಾಂಕುಗಳಿಗಾಗಿ ಒಂದು ನಿಧಿ. 1988ರಲ್ಲಿ ವಿವರವಾದ ನಿಯಮಗಳು. 1998ರ ಡಿಸೆಂಬರ್ 22ರೊಳಗೆ ಹಳೆಯ ಟ್ಯಾಂಕುಗಳನ್ನು ಸುಧಾರಿಸಬೇಕು, ಬದಲಾಯಿಸಬೇಕು ಅಥವಾ ಕ್ರಮವಾಗಿ ಮುಚ್ಚಬೇಕು ಎಂಬ ಗಡುವು. ನಗರಸಭೆಗಳ ಪಾಲಿಗೆ ಇದೊಂದು ಇಕ್ಕಟ್ಟಿನ ಕಾಲ. ಪೊಲೀಸ್ ಗಾಡಿ, ಕಸದ ಲಾರಿ, ಬೆಂಕಿ ಆರಿಸುವ ಬಂಡಿ, ಎಲ್ಲಕ್ಕೂ ಅವುಗಳದೇ ಟ್ಯಾಂಕುಗಳಿದ್ದವು. ಊರಿನವರಿಗೆ ಎಚ್ಚರಿಕೆ ಹೇಳಬೇಕಾದ ಸಂಸ್ಥೆ ತಾನೂ ಕಟಕಟೆಯಲ್ಲಿ ನಿಂತಿತು.

ಆ ಕಾನೂನಿನ ಜರಡಿಯಲ್ಲೂ ಕಣ್ಣುಗಳು ದೊಡ್ಡವಾಗಿದ್ದವು. 1974ರ ಜನವರಿ 1ಕ್ಕೆ ಮೊದಲೇ ಬಳಕೆ ನಿಂತ ಟ್ಯಾಂಕುಗಳನ್ನು ಬರೆಸುವ ಅಗತ್ಯವಿರಲಿಲ್ಲ. ಕಟ್ಟಡವನ್ನು ಬೆಚ್ಚಗಿಡಲು ಅಲ್ಲಿಯೇ ಬಳಸುವ ಎಣ್ಣೆಯ ಟ್ಯಾಂಕುಗಳು ಕೇಂದ್ರದ ಕಾನೂನಿನಿಂದ ಹೊರಗೆ. ಅವುಗಳ ಪಾಡು ಆಯಾ ರಾಜ್ಯಗಳಿಗೆ ಸೇರಿದ್ದು. ಎಂದರೆ, ಬೌಸರನ ಕಾಲದ ಬೀದಿಯಂಚಿನ ಟ್ಯಾಂಕುಗಳೂ ಹಳೆಯ ಶಾಲೆಗಳ ಟ್ಯಾಂಕುಗಳೂ, ಯಾವುವು ಎಲ್ಲಕ್ಕಿಂತ ಹೆಚ್ಚು ಮರೆವಿಗೆ ಸಂದಿದ್ದವೋ ಅವೇ, ಪಟ್ಟಿಗೆ ಬರಲಿಲ್ಲ.

ಬರೆಸದ ಟ್ಯಾಂಕನ್ನು ಕಂಡುಹಿಡಿಯುವುದು ಹೇಗೆ? ಇಲ್ಲಿ ಚರಿತ್ರೆಯ ವಿದ್ಯಾರ್ಥಿಗೆ ಸಂತೋಷ ಕೊಡುವ ಒಂದು ಅಧ್ಯಾಯವಿದೆ. 1867ರಲ್ಲಿ ಸ್ಯಾನ್‌ಬಾರ್ನ್ ಎಂಬ ಮೋಜಣಿದಾರ ಅಗ್ನಿವಿಮೆಯ ಕಂಪನಿಗಳಿಗಾಗಿ ಊರುಗಳ ನಕ್ಷೆ ತಯಾರಿಸುವ ಉದ್ಯಮ ಆರಂಭಿಸಿದ. ಮುಂದೆ ಅವನ ಸಂಸ್ಥೆ ಸುಮಾರು ಹನ್ನೆರಡು ಸಾವಿರ ಊರುಗಳ ನಕ್ಷೆಗಳನ್ನು ಬರೆಯಿತು. ಇಟ್ಟಿಗೆಯ ಮನೆಗೆ ನಸುಗೆಂಪು, ಮರದ ಮನೆಗೆ ಹಳದಿ, ಕಲ್ಲಿನ ಮನೆಗೆ ನೀಲಿ. ಮನೆಗೆ ಬೆಂಕಿ ತಗಲುವ ಸಾಧ್ಯತೆ ಎಷ್ಟು ಎಂದು ಕಂಪನಿಯವರು ದೂರದಲ್ಲಿ ಕುಳಿತೇ ತಿಳಿಯಲು ಆ ಬಣ್ಣಗಳು. ಅದೇ ಕಾರಣಕ್ಕೆ ಬೀದಿಯಂಚಿನ ಪೆಟ್ರೋಲ್ ಟ್ಯಾಂಕುಗಳನ್ನೂ ಪುಟ್ಟ ವೃತ್ತಗಳಾಗಿ ಗುರುತು ಮಾಡಿಟ್ಟರು. ವಾಷಿಂಗ್‌ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಈ ನಕ್ಷೆಗಳ ದೊಡ್ಡ ಸಂಗ್ರಹವಿದೆ. ಇಂದು ಒಂದು ನಿವೇಶನವನ್ನು ಕೊಳ್ಳುವ ಮುನ್ನ, ಬೀದಿಯೊಂದನ್ನು ಅಗೆಯುವ ಮುನ್ನ, ತಜ್ಞರು ಈ ಹಾಳೆಗಳನ್ನು ಬಿಡಿಸಿ ನೋಡುತ್ತಾರೆ. ಹಳೆಯ ವ್ಯಾಪಾರಿಗಳ ವಿಳಾಸಪುಸ್ತಕ, ಅಗ್ನಿಶಾಮಕ ಇಲಾಖೆಯ ಪರವಾನಗಿಯ ಕಡತ, ಇವೂ ನೆರವಿಗೆ ಬರುತ್ತವೆ. ಬೆಂಕಿಯ ಭಯದಿಂದ ಬರೆದ ನಕ್ಷೆ ಮೊಮ್ಮಕ್ಕಳ ಕಾಲಕ್ಕೆ ನೀರನ್ನು ಕಾಯಲು ಬಂತು. ಕಾಗದದಲ್ಲಿ ಗುರುತು ಸಿಕ್ಕಿದ ಮೇಲೆ ಕಾಂತಮಾಪಕ, ನೆಲದೊಳಕ್ಕೆ ಅಲೆ ಕಳುಹಿಸುವ ರೇಡಾರ್ ಮುಂತಾದ ಯಂತ್ರಗಳ ಕೆಲಸ. ಕೆಲವೊಮ್ಮೆ ಗೋಡೆಗೆ ಆನಿಕೊಂಡು ನಿಂತ ತುಕ್ಕು ಹಿಡಿದ ಗಾಳಿಕೊಳವೆಯೊಂದೇ ಸಾಕು, ಗುಟ್ಟು ಹೊರಬೀಳಲು.

ತೆಗೆಯುವ ಕ್ರಮವೂ ತಿಳಿಯತಕ್ಕದ್ದೇ. ಹಗೇವಿಗೆ ದೀಪ ಇಳಿಬಿಡುವಂತೆ ಇಲ್ಲಿ ಇಳಿಬಿಟ್ಟವನು ಉಳಿಯಲಾರ. ತುಂಬಿದ ಟ್ಯಾಂಕಿಗಿಂತ ಬರಿದಾದ ಟ್ಯಾಂಕು ಹೆಚ್ಚು ಅಪಾಯಕರ. ಗಾಳಿಯಲ್ಲಿ ಪೆಟ್ರೋಲಿನ ಆವಿ ನೂರಕ್ಕೆ ಸುಮಾರು ಒಂದೂವರೆಯಿಂದ ಏಳೂವರೆ ಪಾಲಿನವರೆಗೆ ಇದ್ದರೆ ಒಂದು ಕಿಡಿ ಸಾಕು. ಆದ್ದರಿಂದ ಉಳಿದ ಎಣ್ಣೆಯನ್ನು ಹೀರಿ ತೆಗೆದು, ಒಳಗೆ ಡ್ರೈ ಐಸಿನ ಚೂರುಗಳನ್ನು ಹಾಕುತ್ತಾರೆ. ಅದು ಇಂಗಾಲದ ಡೈಆಕ್ಸೈಡ್ ಅನಿಲವಾಗಿ ಹರಡಿ ಆಮ್ಲಜನಕವನ್ನು ಹೊರದೂಡುತ್ತದೆ. ಮಾಪಕದಿಂದ ಖಚಿತಪಡಿಸಿಕೊಂಡ ಮೇಲೆ ಮಣ್ಣು ಸರಿಸಿ, ಟ್ಯಾಂಕನ್ನು ಮೇಲೆತ್ತಿ, ಕೊಯ್ದು, ತಳದ ರಾಡಿಯನ್ನು ತೆಗೆದು, ಗುಜರಿಗೆ ಸಾಗಿಸುತ್ತಾರೆ. ಕೆಲಸ ಅಲ್ಲಿಗೆ ಮುಗಿಯದು. ಕುಳಿಯ ತಳದ ಮಣ್ಣನ್ನು ಪರೀಕ್ಷೆಗೆ ಕಳುಹಿಸಬೇಕು. ಉತ್ತರ ಬರುವವರೆಗೆ ನಗರಸಭೆಯವರಿಗೆ ತಾವು ತೆಗೆದದ್ದು ಒಂದು ಟ್ಯಾಂಕನ್ನೋ ಹತ್ತು ವರ್ಷಗಳ ಖರ್ಚನ್ನೋ ತಿಳಿಯುವುದಿಲ್ಲ. ಮೇಲೆ ಕಟ್ಟಡವಿದ್ದು ಎತ್ತಲಾಗದಿದ್ದರೆ, ಶುದ್ಧಿ ಮಾಡಿ ಒಳಗೆ ಮರಳನ್ನೋ ಕಾಂಕ್ರೀಟಿನ ಗಂಜಿಯನ್ನೋ ತುಂಬಿ ಮುಚ್ಚುವುದುಂಟು. ಆಗ ಅದನ್ನು ದಾಖಲೆಯಲ್ಲಿ ಬರೆಯುವುದನ್ನು ಬಿಟ್ಟರೆ ಹಳೆಯ ಮರೆವಿನ ಕಥೆಯೇ ಮತ್ತೆ ಮೊದಲಾಗುತ್ತದೆ.

ಮರೆತ ಟ್ಯಾಂಕುಗಳಷ್ಟೇ ತಪ್ಪಿತಸ್ಥವೆಂದೂ ತಿಳಿಯಬಾರದು. ಕ್ಯಾಲಿಫೋರ್ನಿಯದ ಸಾಂಟಾ ಮೋನಿಕಾ ನಗರ 1996ರಲ್ಲಿ ತನ್ನ ಮುಖ್ಯ ಬಾವಿಗಳನ್ನು ಮುಚ್ಚಿತು. ಊರಿನ ನೀರಿನಲ್ಲಿ ಸುಮಾರು ಅರ್ಧದಷ್ಟು ಒಮ್ಮೆಗೇ ಹೋಯಿತು. ಗಾಳಿಯನ್ನು ಶುದ್ಧವಾಗಿಡಲೆಂದು ಪೆಟ್ರೋಲಿಗೆ ಬೆರೆಸುತ್ತಿದ್ದ ಎಂ.ಟಿ.ಬಿ.ಇ. ಎಂಬ ವಸ್ತು ಬಂಕುಗಳ ಟ್ಯಾಂಕು ಕೊಳವೆಗಳಿಂದ ಸೋರಿ ಅಂತರ್ಜಲಕ್ಕೆ ಇಳಿದಿತ್ತು. ಪೆಟ್ರೋಲಿನ ಇತರ ಅಂಶಗಳಿಗಿಂತ ಅದು ನೀರಿನಲ್ಲಿ ಚೆನ್ನಾಗಿ ಕರಗುತ್ತದೆ, ದೂರ ಸಾಗುತ್ತದೆ. ದೂರದಿಂದ ತರಿಸಿದ ನೀರನ್ನು ಕೊಂಡು ಕುಡಿಯುತ್ತ, ಎಣ್ಣೆ ಕಂಪನಿಗಳೊಡನೆ ನ್ಯಾಯಾಲಯದಲ್ಲಿ ಸೆಣಸುತ್ತ, ತನ್ನ ಬಾವಿಗಳ ನೀರನ್ನು ಶುದ್ಧಿ ಮಾಡಿ ಮತ್ತೆ ಕುಡಿಯುವ ವೇಳೆಗೆ ಆ ಊರಿಗೆ ಹದಿನಾಲ್ಕು ವರ್ಷ ಹಿಡಿಯಿತು. ಅಲ್ಲಿ ಬೆಂಕಿಯ ಭಯದಿಂದ ನೀರು ಕೆಟ್ಟ ಹಾಗೆ, ಇಲ್ಲಿ ಗಾಳಿಯ ಕಾಳಜಿಯಿಂದ ನೀರು ಕೆಟ್ಟಿತು. ಕೆಡುವ ಸರದಿ ಏಕೋ ನೀರಿಗೇ ಬರುತ್ತದೆ, ಅದು ಎಲ್ಲಕ್ಕಿಂತ ಕೆಳಗಿರುವುದರಿಂದ.

1984ರಿಂದ ಈಚೆಗೆ ಆ ದೇಶದಲ್ಲಿ 18 ಲಕ್ಷಕ್ಕೂ ಹೆಚ್ಚು ಟ್ಯಾಂಕುಗಳನ್ನು ಕ್ರಮಬದ್ಧವಾಗಿ ಮುಚ್ಚಿದ್ದಾರೆ. ಐದೂವರೆ ಲಕ್ಷಕ್ಕೂ ಹೆಚ್ಚು ಸೋರಿಕೆಗಳು ಖಚಿತವಾಗಿವೆ. ಅವುಗಳಲ್ಲಿ ಬಹುಪಾಲನ್ನು ಶುದ್ಧಿ ಮಾಡಿ ಮುಗಿಸಿದ್ದಾರೆ. ಐವತ್ತು ಸಾವಿರಕ್ಕೂ ಹೆಚ್ಚು ಇನ್ನೂ ಬಾಕಿ. 2002ರ ಕಾಯಿದೆ ಪೆಟ್ರೋಲಿನಿಂದ ಕೆಟ್ಟ ಪಾಳು ನಿವೇಶನಗಳನ್ನು ಊರಿನ ಉಪಯೋಗಕ್ಕೆ ತರಲು ನಗರಸಭೆಗಳಿಗೆ ಕೇಂದ್ರದ ಹಣ ದೊರೆಯುವಂತೆ ಮಾಡಿತು. ಸೋಲಿನ ಕಥೆ ಇದಲ್ಲ. ಒಂದು ಜನಾಂಗ ತನ್ನ ಹಿಂದಿನವರ ಮರೆವನ್ನು ಲೆಕ್ಕಕ್ಕೆ ತಂದು, ಹಣ ಕೂಡಿಸಿ, ತಾಳ್ಮೆಯಿಂದ ತೀರಿಸುತ್ತ ಬಂದ ಕಥೆ.

ಈ ಚರಿತ್ರೆಯಲ್ಲಿ ನನ್ನ ಮನಸ್ಸನ್ನು ಹಿಡಿದದ್ದು ಋಣದ ವಿಚಾರ. ವ್ಯಾಪಾರಿ ಸಾಯುತ್ತಾನೆ, ಕಂಪನಿ ಕರಗುತ್ತದೆ, ಕೊಂಡವನು ಮಾರಿ ಹೋಗುತ್ತಾನೆ. ಹೋಗಲಾರದೆ ಉಳಿಯುವುದು ಊರೊಂದೇ. ಯಾರೂ ಒಪ್ಪಿಕೊಳ್ಳದ ಸಾಲಕ್ಕೆ ಕೊನೆಯ ವಾರಸುದಾರ ಊರು. ಆ ಸಾಲ ತೀರಿಸಲು ಗುದ್ದಲಿ ಬೇಕು, ಹಣ ಬೇಕು. ಅವೆರಡಕ್ಕೂ ಮೊದಲು ಒಂದು ಕಾಗದ ಬೇಕು. ಏನನ್ನು, ಎಲ್ಲಿ, ಯಾರು ಹೂಳಿದರು ಎಂಬ ಒಂದು ಸಾಲಿನ ಬರಹ ಒಂದು ಊರಿನ ನೀರನ್ನು ಉಳಿಸಬಲ್ಲದು.

ನಮ್ಮ ಪೆಟ್ರೋಲ್ ಬಂಕುಗಳ ಕೆಳಗೂ ಟ್ಯಾಂಕುಗಳಿವೆ. ನಮ್ಮ ಊರುಗಳೂ ಕೊಳವೆಬಾವಿಯ ನೀರು ಕುಡಿಯುತ್ತವೆ. ವಿದ್ಯುತ್ತಿನಿಂದ ಓಡುವ ವಾಹನಗಳು ಬೀದಿಗೆ ಬಂದಿರುವ ಈ ಕಾಲದಲ್ಲಿ ಇಂದಿನ ಎಷ್ಟೋ ಬಂಕುಗಳು ಮುಂದೊಂದು ದಿನ ಬಾಗಿಲು ಹಾಕಬಹುದು. ಹಗೇವಿನ ಬಾಯನ್ನು ಮರೆಯದೆ ಗುರುತಿಟ್ಟುಕೊಂಡಿದ್ದ ರೈತರ ಮಕ್ಕಳು ನಾವು. ನಮ್ಮ ಕಾಲದ ಹಗೇವುಗಳ ಲೆಕ್ಕವನ್ನು ಮೊಮ್ಮಕ್ಕಳ ಕೈಗೆ ಬರೆದುಕೊಟ್ಟು ಹೋಗುವುದು ಕಷ್ಟದ ಕೆಲಸವೇನಲ್ಲ. ಅದನ್ನು ಬಂಕು ನಡೆಯುತ್ತಿರುವಾಗಲೇ ಬರೆದಿಡಬೇಕು, ಅಷ್ಟೆ.